ಇಸ್ಲಾಮಿಕ್ ಗಣರಾಜ್ಯದಲ್ಲಿ ಪ್ರಭುತ್ವ ಮತ್ತು ಧರ್ಮಾಧಿಕಾರ: ಇರಾನ್

ಇರಾನ್, ಪಾಕಿಸ್ತಾನ, ಮೌರಿಟಾನಿಯ ದೇಶಗಳು ತಮ್ಮನ್ನು ಅಧಿಕೃತವಾಗಿ ಇಸ್ಲಾಮಿಕ್ ಗಣರಾಜ್ಯ ಎಂದು ಕರೆದುಕೊಂಡಿವೆ. ಇವುಗಳಲ್ಲಿ ರಾಜ್ಯದ ಅತ್ಯುನ್ನತ ಅಧಿಕಾರವನ್ನು ಸಂವಿಧಾನದ ಮೂಲಕವೇ ಧರ್ಮಶಾಸ್ತ್ರಜ್ಞನಿಗೆ ಒಪ್ಪಿಸಿರುವುದು ಇರಾನ್ ಮಾತ್ರ. 1979ರ ಕ್ರಾಂತಿಯಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ಜನರು ಅಧ್ಯಕ್ಷನನ್ನೂ ಸಂಸತ್ತನ್ನೂ ಮತ ಹಾಕಿ ಆರಿಸುತ್ತಾರೆ. ಹಾಗೆ ಆರಿಸಿದ ಸಂಸ್ಥೆಗಳ ಮೇಲೆ ಶಿಯಾ ಧರ್ಮಶಾಸ್ತ್ರಜ್ಞರ ಕಾವಲಿದೆ. ಎಲ್ಲದರ ಮೇಲೆ ಸರ್ವೋಚ್ಚ ನಾಯಕನ ಸ್ಥಾನವಿದೆ. ಇರಾನಿನಲ್ಲಿ ಧರ್ಮವೇ ರಾಜ್ಯವನ್ನು ಆಳುತ್ತದೆ ಎನ್ನುವುದು ವಾಡಿಕೆ. ಆದರೆ ಆಡಳಿತದ ಒತ್ತಡಕ್ಕೆ ಸಿಕ್ಕಿ ಧರ್ಮಶಾಸ್ತ್ರದ ನಿಯಮಗಳೇ ರಾಜ್ಯದ ಹಿತಕ್ಕೆ ದಾರಿ ಬಿಟ್ಟುಕೊಟ್ಟದ್ದೂ, ಸ್ವತಂತ್ರವಾಗಿದ್ದ ಧರ್ಮಗುರುಗಳು ಪ್ರಭುತ್ವದ ಹಿಡಿತಕ್ಕೆ ಬಂದದ್ದೂ ಈ ಗಣರಾಜ್ಯದ ಚರಿತ್ರೆಯ ಅಷ್ಟೇ ಮುಖ್ಯವಾದ ಭಾಗ.

ಶಿಯಾ ಪರಂಪರೆಯ ಹಿನ್ನೆಲೆ

ಇರಾನಿನ ಬಹುಸಂಖ್ಯಾತರು ಹನ್ನೆರಡು ಇಮಾಮರನ್ನು ನಂಬುವ ಶಿಯಾ ಪಂಥದವರು. ಪ್ರವಾದಿ ಮುಹಮ್ಮದರ ನಂತರ ಸಮುದಾಯವನ್ನು ಮುನ್ನಡೆಸುವ ಹಕ್ಕು ಅವರ ಅಳಿಯ ಅಲಿ ಮತ್ತು ಅಲಿಯ ವಂಶದ ಇಮಾಮರಿಗೆ ಸೇರಿದ್ದೆಂಬುದು ಈ ಪಂಥದ ಮೂಲ ನಂಬಿಕೆ. ಹನ್ನೆರಡನೆಯ ಇಮಾಮ ಮಹದಿ 9ನೆಯ ಶತಮಾನದಲ್ಲಿ ಕಣ್ಮರೆಯಾದರು, ನ್ಯಾಯವನ್ನು ನೆಲೆಗೊಳಿಸಲು ಮತ್ತೆ ಬರುತ್ತಾರೆ ಎಂದು ಶಿಯಾಗಳು ನಂಬುತ್ತಾರೆ. ಅವರು ಬರುವ ತನಕ ಆಳುವ ಹಕ್ಕು ಯಾರದೆಂಬುದು ಶಿಯಾ ರಾಜಕೀಯ ಚಿಂತನೆಯ ಹಳೆಯ ಪ್ರಶ್ನೆ. ಬಹುಕಾಲ ಹೆಚ್ಚಿನ ಶಾಸ್ತ್ರಜ್ಞರು ತಮ್ಮ ಪಾಲಿಗೆ ಬಂದಿರುವುದು ಸೀಮಿತ ಹೊಣೆ ಎಂದು ತಿಳಿದಿದ್ದರು. ಅನಾಥರ ರಕ್ಷಣೆ, ವಾರಸುದಾರರಿಲ್ಲದ ಆಸ್ತಿಯ ಮೇಲ್ವಿಚಾರಣೆ, ವಕ್ಫ್ ನಿರ್ವಹಣೆಯಂಥ ಕೆಲಸಗಳು ಅವರವು; ರಾಜ್ಯಭಾರ ದೊರೆಗಳದು.

ಸಫವೀ ದೊರೆ ಶಾಹ ಇಸ್ಮಾಯಿಲ್ 1501ರಲ್ಲಿ ಶಿಯಾ ಪಂಥವನ್ನು ಇರಾನಿನ ರಾಜಧರ್ಮವಾಗಿಸಿದ. ಅದರ ಬೆನ್ನಿಗೇ ವಿಜಯಪುರದ ಯೂಸುಫ್ ಆದಿಲ್ ಶಾಹ ತನ್ನ ರಾಜ್ಯದಲ್ಲೂ ಶಿಯಾ ಪಂಥಕ್ಕೆ ಅಧಿಕೃತ ಮನ್ನಣೆ ಕೊಟ್ಟುದು ಕರ್ನಾಟಕದ ಚರಿತ್ರೆಯಲ್ಲಿ ದಾಖಲಾಗಿದೆ. ಸಫವೀಗಳ ಕಾಲದಿಂದ ಇರಾನಿನಲ್ಲಿ ಧರ್ಮಶಾಸ್ತ್ರಜ್ಞರ ಒಂದು ಪ್ರಬಲ ವರ್ಗ ಬೆಳೆಯಿತು. 19ನೆಯ ಶತಮಾನದ ಹೊತ್ತಿಗೆ ಈ ವರ್ಗದಲ್ಲಿ ಶ್ರೇಣಿಗಳು ಸ್ಪಷ್ಟವಾದವು. ಶಾಸ್ತ್ರಗ್ರಂಥಗಳಿಂದ ಸ್ವತಂತ್ರವಾಗಿ ತೀರ್ಪು ಹೊರಡಿಸಬಲ್ಲವರು ಮುಜ್ತಹಿದರು. ಅವರಲ್ಲಿ ಹಿರಿಯರಾಗಿ, ಸಾಮಾನ್ಯ ಶಿಯಾಗಳು ಆಚರಣೆಯಲ್ಲಿ ಅನುಸರಿಸಲು ಆರಿಸಿಕೊಳ್ಳುವವರು ಮರ್ಜಾಗಳು. ಇಂಥವರನ್ನು ಗೌರವದಿಂದ ಅಯತೊಲ್ಲಾ, ಮಹಾ ಅಯತೊಲ್ಲಾ ಎಂದು ಕರೆಯುತ್ತಾರೆ. ಮರ್ಜಾರನ್ನು ಯಾವ ಸರ್ಕಾರವೂ ನೇಮಿಸುವುದಿಲ್ಲ. ಅನುಯಾಯಿಗಳ ನಂಬಿಕೆ ಮತ್ತು ಸಹ ವಿದ್ವಾಂಸರ ಒಪ್ಪಿಗೆಯೇ ಅವರ ಬಲ. ವರ್ಷದ ಖರ್ಚು ಕಳೆದು ಉಳಿದ ಆದಾಯದ ಐದನೆಯ ಒಂದು ಪಾಲನ್ನು, ಅಂದರೆ ಖುಮ್ಸನ್ನು, ಅನುಯಾಯಿಗಳು ತಮ್ಮ ಮರ್ಜಾಗೆ ಸಲ್ಲಿಸುತ್ತಾರೆ. ಮದರಸಾಗಳು, ವಿದ್ಯಾರ್ಥಿವೇತನ, ದಾನಧರ್ಮ ಎಲ್ಲವೂ ನಡೆಯುತ್ತಿದ್ದುದು ಈ ಹಣದಿಂದ. ಈ ಸಂಬಂಧಕ್ಕೆ ದೇಶದ ಗಡಿಯಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಅಲಿಪುರದಂಥ ಶಿಯಾ ಊರುಗಳಿಂದಲೂ ಧರ್ಮಶಿಕ್ಷಣಕ್ಕಾಗಿ ಇರಾನಿಗೆ ಹೋಗುವವರಿದ್ದಾರೆ.

ದೊರೆಯ ಬೊಕ್ಕಸವನ್ನು ಅವಲಂಬಿಸದ ಈ ಸ್ವಾಯತ್ತತೆಯೇ ಧರ್ಮಗುರುಗಳಿಗೆ ದೊರೆಯ ಎದುರು ನಿಲ್ಲುವ ಶಕ್ತಿ ಕೊಟ್ಟಿತು. 1891ರಲ್ಲಿ ಬ್ರಿಟಿಷ್ ವ್ಯಾಪಾರಿಯೊಬ್ಬನಿಗೆ ತಂಬಾಕಿನ ಏಕಸ್ವಾಮ್ಯ ಕೊಟ್ಟದ್ದನ್ನು ವಿರೋಧಿಸಿ ಮಿರ್ಜಾ ಶೀರಾಜಿಯವರ ಹೆಸರಿನಲ್ಲಿ ಹೊರಟ ಫತ್ವಾಗೆ ಇಡೀ ದೇಶ ತಂಬಾಕು ಬಿಟ್ಟಿತು. ದೊರೆ ಒಪ್ಪಂದವನ್ನು ರದ್ದುಪಡಿಸಬೇಕಾಯಿತು. 1906ರ ಸಂವಿಧಾನ ಚಳವಳಿಯಲ್ಲಿ ಧರ್ಮಗುರುಗಳು ಎರಡು ಬಣಗಳಾದರು. 1907ರ ಪೂರಕ ಸಂವಿಧಾನದ 2ನೆಯ ವಿಧಿ, ಸಂಸತ್ತಿನ ಕಾಯ್ದೆಗಳು ಇಸ್ಲಾಮಿಗೆ ವಿರುದ್ಧವಾಗಿಲ್ಲವೆಂದು ಪರಿಶೀಲಿಸಲು ಕನಿಷ್ಠ ಐವರು ಮುಜ್ತಹಿದರ ಸಮಿತಿ ಇರಬೇಕೆಂದು ಹೇಳಿತು. ಆ ವಿಧಿ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಆದರೂ ಮುಂದೆ ಬಂದ ರಕ್ಷಕ ಮಂಡಳಿಯ ಬೀಜ ಇಲ್ಲೇ ಇದೆ.

ಸಂವಿಧಾನದ ರಚನೆ

ಇರಾನಿನ ದೊರೆ ಶಾಹನ ವಿರೋಧಿಯಾಗಿ 1964ರಲ್ಲಿ ಗಡೀಪಾರಾದ ಅಯತೊಲ್ಲಾ ರುಹೊಲ್ಲಾ ಖೊಮೇನಿ ಇರಾಕಿನ ನಜಫಿನಲ್ಲಿ ನೆಲೆಸಿ, 1970ರಲ್ಲಿ ಅಲ್ಲಿಯ ವಿದ್ಯಾರ್ಥಿಗಳಿಗೆ ಇಸ್ಲಾಮಿ ಸರ್ಕಾರವನ್ನು ಕುರಿತು ಉಪನ್ಯಾಸಮಾಲೆಯೊಂದನ್ನು ಕೊಟ್ಟರು. ದೇವರ ಕಾನೂನನ್ನು ಜಾರಿಗೊಳಿಸಲು ಸರ್ಕಾರ ಬೇಕು. ಇಮಾಮ ಕಣ್ಮರೆಯಾಗಿರುವಾಗ ಆ ಕಾನೂನನ್ನು ಚೆನ್ನಾಗಿ ಬಲ್ಲ, ನ್ಯಾಯನಿಷ್ಠನಾದ ಶಾಸ್ತ್ರಜ್ಞನೇ ಆಳಬೇಕು ಎಂಬುದು ಅವರ ವಾದ. ಅನಾಥರಿಗೂ ಒಡೆಯನಿಲ್ಲದ ಆಸ್ತಿಗೂ ಸೀಮಿತವಾಗಿದ್ದ ಶಾಸ್ತ್ರಜ್ಞನ ಪಾಲಕತ್ವವನ್ನು ಅವರು ಇಡೀ ರಾಜ್ಯಕ್ಕೆ ವಿಸ್ತರಿಸಿದರು. ವಿಲಾಯತೆ ಫಕೀಹ್ ಎಂದು ಪ್ರಸಿದ್ಧವಾದ ಈ ಸಿದ್ಧಾಂತವೇ ಇರಾನಿನ ವ್ಯವಸ್ಥೆಯ ಅಡಿಗಲ್ಲು. ಅದೇ ನಜಫಿನ ಹಿರಿಯ ಮರ್ಜಾ ಅಬುಲ್ ಕಾಸಿಮ್ ಖೋಯಿ ಇದನ್ನು ಒಪ್ಪಲಿಲ್ಲ.

ಖೊಮೇನಿ 1979ರ ಫೆಬ್ರವರಿ 1ರಂದು ಟೆಹ್ರಾನಿಗೆ ಮರಳಿದರು. ಫೆಬ್ರವರಿ 11ರಂದು ರಾಜಪ್ರಭುತ್ವ ಕುಸಿಯಿತು. ಮಾರ್ಚ್ ಕೊನೆಯ ಜನಮತಗಣನೆಯಲ್ಲಿ ಇಸ್ಲಾಮಿಕ್ ಗಣರಾಜ್ಯ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯಿತ್ತು. ಶೇ. 98ಕ್ಕೂ ಹೆಚ್ಚು ಮತಗಳು ಬೇಕು ಎಂದವೆಂದು ಪ್ರಕಟಿಸಲಾಯಿತು. ಗಮನಿಸಬೇಕಾದ ಅಂಶವೆಂದರೆ, ಮೆಹದಿ ಬಜರ್ಗಾನರ ತಾತ್ಕಾಲಿಕ ಸರ್ಕಾರ ಜೂನ್‌ನಲ್ಲಿ ಪ್ರಕಟಿಸಿದ ಕರಡು ಸಂವಿಧಾನದಲ್ಲಿ ಶಾಸ್ತ್ರಜ್ಞನ ಆಳ್ವಿಕೆಯ ಮಾತೇ ಇರಲಿಲ್ಲ. ಫ್ರಾನ್ಸಿನ ಐದನೆಯ ಗಣರಾಜ್ಯದ ಸಂವಿಧಾನವನ್ನು ಹೋಲುತ್ತಿದ್ದ ಆ ಕರಡನ್ನು ಪರಿಶೀಲಿಸಲು ಆಗಸ್ಟ್‌ನಲ್ಲಿ ಚುನಾಯಿತವಾದ ಸಭೆಯಲ್ಲಿ ಧರ್ಮಗುರುಗಳೇ ಹೆಚ್ಚಾಗಿದ್ದರು. ಹುಸೇನ್ ಅಲಿ ಮೊಂತಜರಿ ಅದರ ಅಧ್ಯಕ್ಷ, ಮೊಹಮ್ಮದ್ ಬೆಹಿಷ್ತಿ ಉಪಾಧ್ಯಕ್ಷ. ವಿಲಾಯತೆ ಫಕೀಹ್ ತತ್ತ್ವ ಸಂವಿಧಾನದೊಳಕ್ಕೆ ಬಂದದ್ದು ಈ ಸಭೆಯಲ್ಲಿ. ನವೆಂಬರ್ 4ರಂದು ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡರು, ಬಜರ್ಗಾನ್ ರಾಜೀನಾಮೆ ಕೊಟ್ಟರು. ಆ ಬಿಸಿಯಲ್ಲೇ ಡಿಸೆಂಬರ್‌ನ ಜನಮತಗಣನೆಯಲ್ಲಿ ಸಂವಿಧಾನಕ್ಕೆ ಒಪ್ಪಿಗೆ ಸಿಕ್ಕಿತು.

ಕರಡಿನ ಚುನಾವಣಾ ಚೌಕಟ್ಟು ಹಾಗೇ ಉಳಿದು, ಅದರ ಮೇಲೆ ಶಾಸ್ತ್ರಜ್ಞರ ಅಧಿಕಾರ ಸೇರಿದ್ದರಿಂದ ಸಂವಿಧಾನದಲ್ಲಿ ಎರಡು ದನಿಗಳು ಒಟ್ಟಿಗೆ ಕೇಳುತ್ತವೆ. ಎಲ್ಲ ಕಾನೂನುಗಳೂ ಇಸ್ಲಾಮಿ ತತ್ತ್ವಗಳಿಗೆ ಅನುಗುಣವಾಗಿರಬೇಕೆಂದು 4ನೆಯ ವಿಧಿ ಹೇಳಿದರೆ, ದೇಶದ ಆಡಳಿತ ಚುನಾವಣೆಯ ಮೂಲಕ ವ್ಯಕ್ತವಾಗುವ ಜನಾಭಿಪ್ರಾಯದಂತೆ ನಡೆಯಬೇಕೆಂದು 6ನೆಯ ವಿಧಿ ಹೇಳುತ್ತದೆ. ಪರಮಾಧಿಕಾರ ದೇವರದು, ಆತನೇ ಮನುಷ್ಯನನ್ನು ತನ್ನ ಸಾಮಾಜಿಕ ಬದುಕಿಗೆ ಒಡೆಯನನ್ನಾಗಿ ಮಾಡಿದ್ದಾನೆ ಎಂದು 56ನೆಯ ವಿಧಿ ಎರಡನ್ನೂ ಬೆಸೆಯಲು ನೋಡುತ್ತದೆ.

ಸರ್ವೋಚ್ಚ ನಾಯಕ

ನಾಯಕನ ಅಧಿಕಾರಗಳ ಪಟ್ಟಿ 110ನೆಯ ವಿಧಿಯಲ್ಲಿದೆ. ರಾಜ್ಯದ ಸಾಮಾನ್ಯ ನೀತಿಯನ್ನು ಗೊತ್ತುಪಡಿಸುವುದು, ಸಶಸ್ತ್ರ ಪಡೆಗಳ ಮಹಾದಂಡನಾಯಕತ್ವ, ಯುದ್ಧ ಮತ್ತು ಶಾಂತಿಯ ಘೋಷಣೆ ಅವುಗಳಲ್ಲಿ ಮುಖ್ಯವಾದವು. ನ್ಯಾಯಾಂಗದ ಮುಖ್ಯಸ್ಥ, ರಕ್ಷಕ ಮಂಡಳಿಯ ಆರು ಶಾಸ್ತ್ರಜ್ಞರು, ಸೇನಾ ದಳಗಳ ದಂಡನಾಯಕರು, ರೇಡಿಯೊ ಮತ್ತು ಟೆಲಿವಿಷನ್ ಸಂಸ್ಥೆಯ ಮುಖ್ಯಸ್ಥ ಇವರೆಲ್ಲ ನಾಯಕನ ನೇಮಕ. ಜನರು ಆರಿಸಿದ ಅಧ್ಯಕ್ಷನಿಗೂ ನಾಯಕನ ಅಂಕಿತ ಬಿದ್ದ ಮೇಲೆಯೇ ಅಧಿಕಾರ. 57ನೆಯ ವಿಧಿಯ ಪ್ರಕಾರ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ನಾಯಕನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತವೆ. ಆತನ ಅವಧಿಗೆ ಮಿತಿಯಿಲ್ಲ. ಕಾನೂನಿನ ಮುಂದೆ ಆತನೂ ಇತರ ಪ್ರಜೆಗಳಿಗೆ ಸಮಾನನೆಂದು 107ನೆಯ ವಿಧಿ ಹೇಳುತ್ತದೆ.

ನಾಯಕನನ್ನು ಆರಿಸುವುದು, ಆತನ ಮೇಲೆ ಕಣ್ಣಿಡುವುದು, ಅಸಮರ್ಥನಾದರೆ ಕೆಳಗಿಳಿಸುವುದು ತಜ್ಞರ ಸಭೆಯ ಕೆಲಸ. 88 ಮಂದಿ ಧರ್ಮಶಾಸ್ತ್ರಜ್ಞರ ಈ ಸಭೆಯನ್ನು ಜನರೇ ಎಂಟು ವರ್ಷಗಳ ಅವಧಿಗೆ ಆರಿಸುತ್ತಾರೆ. ಆದರೆ ಅದರ ಅಭ್ಯರ್ಥಿಗಳ ಅರ್ಹತೆಯನ್ನು ನಿರ್ಧರಿಸುವುದು ರಕ್ಷಕ ಮಂಡಳಿ. ಆ ಮಂಡಳಿಯ ಶಾಸ್ತ್ರಜ್ಞರನ್ನು ನೇಮಿಸುವುದು ನಾಯಕ. ಹೀಗೆ ನಾಯಕನನ್ನು ನಿಯಂತ್ರಿಸಬೇಕಾದ ಸಭೆಯ ಬಾಗಿಲಲ್ಲಿ ನಾಯಕ ನೇಮಿಸಿದವರೇ ನಿಂತಿರುತ್ತಾರೆ. ಖೊಮೇನಿಯವರ ಮೊಮ್ಮಗ ಹಸನ್ ಖೊಮೇನಿಗೆ 2016ರಲ್ಲಿ, ಎರಡು ಬಾರಿ ದೇಶದ ಅಧ್ಯಕ್ಷರಾಗಿದ್ದ ಹಸನ್ ರೂಹಾನಿಗೆ 2024ರಲ್ಲಿ ಈ ಸಭೆಗೆ ಸ್ಪರ್ಧಿಸಲು ಅವಕಾಶ ಸಿಗಲಿಲ್ಲ.

1979ರ ಸಂವಿಧಾನದ ಪ್ರಕಾರ ನಾಯಕನಾಗುವವನು ಮರ್ಜಾ ಆಗಿರಬೇಕಿತ್ತು. ಖೊಮೇನಿಯ ಉತ್ತರಾಧಿಕಾರಿಯೆಂದು 1985ರಲ್ಲಿ ಗುರುತಿಸಲಾಗಿದ್ದ ಮೊಂತಜರಿ, ರಾಜಕೀಯ ಕೈದಿಗಳಿಗೆ 1988ರಲ್ಲಿ ಸಾಮೂಹಿಕವಾಗಿ ಮರಣದಂಡನೆ ವಿಧಿಸಿದ್ದನ್ನು ಖಂಡಿಸಿ 1989ರ ಮಾರ್ಚ್‌ನಲ್ಲಿ ಸ್ಥಾನ ಕಳೆದುಕೊಂಡರು. ಹಿರಿಯ ಮರ್ಜಾಗಳಲ್ಲಿ ಈ ವ್ಯವಸ್ಥೆಯನ್ನು ಪೂರ್ಣವಾಗಿ ಒಪ್ಪಿ ನಡೆಸಬಲ್ಲ ಇನ್ನೊಬ್ಬರು ಕಾಣಲಿಲ್ಲ. ಆಗ ಸಂವಿಧಾನವನ್ನೇ ತಿದ್ದುವ ಕೆಲಸ ಶುರುವಾಯಿತು. ಖೊಮೇನಿ 1989ರ ಜೂನ್ 3ರಂದು ತೀರಿಕೊಂಡರು. ಮರುದಿನವೇ ತಜ್ಞರ ಸಭೆ ಆಗಿನ ಅಧ್ಯಕ್ಷ ಅಲಿ ಖಮೇನಿಯವರನ್ನು ನಾಯಕನನ್ನಾಗಿ ಆರಿಸಿತು. ಅವರು ಮಧ್ಯಮ ಶ್ರೇಣಿಯ ಧರ್ಮಗುರು, ಮರ್ಜಾ ಅಲ್ಲ. ಜುಲೈನ ಜನಮತಗಣನೆಯಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಮರ್ಜಾ ಆಗಿರಬೇಕೆಂಬ ಷರತ್ತನ್ನು ತೆಗೆಯಿತು. ಶಾಸ್ತ್ರಜ್ಞಾನದ ಜತೆಗೆ ರಾಜಕೀಯ ಮತ್ತು ಸಾಮಾಜಿಕ ವಿಷಯಗಳ ತಿಳಿವಳಿಕೆಗೂ ತೂಕ ಕೊಟ್ಟಿತು. ಅದೇ ತಿದ್ದುಪಡಿ 57ನೆಯ ವಿಧಿಯಲ್ಲಿ ನಾಯಕನ ಪಾಲಕತ್ವವನ್ನು 'ನಿರಪೇಕ್ಷ' ಎಂದು ವಿಶೇಷಿಸಿತು. ನಾಯಕನ ವಿದ್ವತ್ತಿನ ಮಟ್ಟ ಇಳಿದ ಹೊತ್ತಿನಲ್ಲೇ ಆತನ ಅಧಿಕಾರದ ವ್ಯಾಪ್ತಿ ಹಿಗ್ಗಿತು.

ನಾಯಕ ತೀರಿಕೊಂಡರೆ ಅಥವಾ ಪದಚ್ಯುತನಾದರೆ, ಹೊಸಬನ ಆಯ್ಕೆಯಾಗುವ ತನಕ ಅಧ್ಯಕ್ಷ, ನ್ಯಾಯಾಂಗದ ಮುಖ್ಯಸ್ಥ ಮತ್ತು ರಕ್ಷಕ ಮಂಡಳಿಯ ಒಬ್ಬ ಶಾಸ್ತ್ರಜ್ಞ ಸೇರಿದ ಮೂವರ ಸಮಿತಿ ಆತನ ಕೆಲಸ ನೋಡಿಕೊಳ್ಳಬೇಕೆಂದು 111ನೆಯ ವಿಧಿ ವಿಧಿಸುತ್ತದೆ.

ಅಧ್ಯಕ್ಷ ಮತ್ತು ಮಜ್ಲಿಸ್

ಅಧ್ಯಕ್ಷ ನಾಲ್ಕು ವರ್ಷಗಳ ಅವಧಿಗೆ ಜನರಿಂದ ನೇರವಾಗಿ ಆಯ್ಕೆಯಾಗುತ್ತಾನೆ; ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಸಂವಿಧಾನ ಆತನನ್ನು ನಾಯಕನ ನಂತರದ ಅತ್ಯುನ್ನತ ಅಧಿಕಾರಿ ಎನ್ನುತ್ತದೆ. ಮೊದಲಿದ್ದ ಪ್ರಧಾನಮಂತ್ರಿಯ ಹುದ್ದೆಯನ್ನು 1989ರಲ್ಲಿ ರದ್ದುಪಡಿಸಿ, ಸಂಪುಟದ ಹೊಣೆಯನ್ನು ಅಧ್ಯಕ್ಷನಿಗೇ ವಹಿಸಲಾಯಿತು. ಬಜೆಟ್, ಆರ್ಥಿಕ ಆಡಳಿತ, ದಿನನಿತ್ಯದ ಸರ್ಕಾರಿ ಕೆಲಸ ಆತನ ಕೈಯಲ್ಲಿವೆ. ಸೈನ್ಯ, ನ್ಯಾಯಾಲಯ, ಟೆಲಿವಿಷನ್ ಆತನ ಕೈಯಲ್ಲಿಲ್ಲ. ಬೆಲೆ ಏರಿದರೆ ಜನ ದೂರುವುದು ಅಧ್ಯಕ್ಷನನ್ನು. ಬೆಲೆಗೆ ಕಾರಣವಾಗುವ ವಿದೇಶಾಂಗ ಮತ್ತು ರಕ್ಷಣಾ ನೀತಿಗಳಲ್ಲಿ ಕೊನೆಯ ಮಾತು ನಾಯಕನದು.

ಅಧ್ಯಕ್ಷ ಧರ್ಮಗುರುವೇ ಆಗಿರಬೇಕೆಂಬ ನಿಯಮವಿಲ್ಲ. ಖಮೇನಿ, ರಫ್ಸಂಜಾನಿ, ಖಾತಮಿ, ರೂಹಾನಿ, ರೈಸಿ ಧರ್ಮಗುರುಗಳು. ಬನಿಸದ್ರ್, ರಜಾಯಿ, ಅಹ್ಮದಿನೆಜಾದ್ ಮತ್ತು ಹೃದಯ ಶಸ್ತ್ರವೈದ್ಯ ಮಸೂದ್ ಪೆಜೆಷ್ಕಿಯಾನ್ ಅಲ್ಲ. ಮೊದಲ ಅಧ್ಯಕ್ಷ ಬನಿಸದ್ರ್ ಧರ್ಮಗುರುಗಳ ಪಕ್ಷದೊಂದಿಗೆ ಜಗಳವಾಡಿ, 1981ರ ಜೂನ್‌ನಲ್ಲಿ ಸಂಸತ್ತಾದ ಮಜ್ಲಿಸ್ ಅಸಮರ್ಥನೆಂದು ನಿರ್ಣಯಿಸಿದ ಮೇಲೆ ಖೊಮೇನಿಯಿಂದ ಪದಚ್ಯುತರಾದರು. 1997ರಲ್ಲಿ ಭಾರಿ ಬಹುಮತದಿಂದ ಗೆದ್ದ ಸುಧಾರಣಾವಾದಿ ಖಾತಮಿ, ಅಧ್ಯಕ್ಷನ ಅಧಿಕಾರವನ್ನು ಹೆಚ್ಚಿಸುವ ಮತ್ತು ರಕ್ಷಕ ಮಂಡಳಿಯ ಚುನಾವಣಾ ಹಿಡಿತವನ್ನು ಸಡಿಲಿಸುವ ಎರಡು ಮಸೂದೆಗಳನ್ನು ತಂದರು. ಮಜ್ಲಿಸ್ ಒಪ್ಪಿತು, ರಕ್ಷಕ ಮಂಡಳಿ ತಿರಸ್ಕರಿಸಿತು.

ಮಜ್ಲಿಸ್ 290 ಸದಸ್ಯರ ಏಕಸದನ; ಅವಧಿ ನಾಲ್ಕು ವರ್ಷ. ಮಂತ್ರಿಗಳಿಗೆ ವಿಶ್ವಾಸಮತ ಕೊಡುವುದು, ಅವರನ್ನು ಪ್ರಶ್ನಿಸಿ ಕೆಳಗಿಳಿಸುವುದು, ಬಜೆಟ್ ಒಪ್ಪುವುದು ಅದರ ಕೆಲಸ. ಈ ಅಧಿಕಾರಗಳನ್ನು ಮಜ್ಲಿಸ್ ಬಳಸುತ್ತಲೂ ಬಂದಿದೆ. ಅಲ್ಲಿಯ ಚರ್ಚೆಗಳು ಬಿರುಸಾಗಿರುತ್ತವೆ, ಮಂತ್ರಿಗಳು ಸ್ಥಾನ ಕಳೆದುಕೊಂಡದ್ದುಂಟು. ಆದರೆ 2000ದ ಆಗಸ್ಟ್‌ನಲ್ಲಿ ಪತ್ರಿಕಾ ಕಾಯ್ದೆಯ ತಿದ್ದುಪಡಿಗೆ ಮಜ್ಲಿಸ್ ಕೈಹಾಕಿದಾಗ, ನಾಯಕರ ಒಂದು ಪತ್ರ ಬಂದು ಚರ್ಚೆ ಅಲ್ಲಿಗೇ ನಿಂತಿತು.

ರಕ್ಷಕ ಮಂಡಳಿ

ರಕ್ಷಕ ಮಂಡಳಿಯಲ್ಲಿ ಹನ್ನೆರಡು ಸದಸ್ಯರು. ಆರು ಮಂದಿ ನಾಯಕ ನೇಮಿಸಿದ ಧರ್ಮಶಾಸ್ತ್ರಜ್ಞರು; ಉಳಿದ ಆರು ಮಂದಿ ಕಾನೂನು ಪಂಡಿತರು. ಇವರನ್ನು ನ್ಯಾಯಾಂಗದ ಮುಖ್ಯಸ್ಥ ಸೂಚಿಸಿದ ಹೆಸರುಗಳಿಂದ ಮಜ್ಲಿಸ್ ಆರಿಸುತ್ತದೆ. ಮಜ್ಲಿಸ್ ಒಪ್ಪಿದ ಪ್ರತಿಯೊಂದು ಮಸೂದೆಯೂ ಈ ಮಂಡಳಿಗೆ ಹೋಗಬೇಕು. ಹತ್ತು ದಿನಗಳೊಳಗೆ ಎರಡು ಪ್ರಶ್ನೆಗಳಿಗೆ ಉತ್ತರ ಬರಬೇಕು. ಮಸೂದೆ ಇಸ್ಲಾಮಿಗೆ ವಿರುದ್ಧವಾಗಿದೆಯೇ ಎಂಬುದನ್ನು ಆರು ಶಾಸ್ತ್ರಜ್ಞರ ಬಹುಮತ ನಿರ್ಧರಿಸುತ್ತದೆ. ಸಂವಿಧಾನಕ್ಕೆ ವಿರುದ್ಧವಾಗಿದೆಯೇ ಎಂಬುದನ್ನು ಹನ್ನೆರಡೂ ಮಂದಿಯ ಬಹುಮತ. ಅಂದರೆ ನಾಲ್ವರು ಶಾಸ್ತ್ರಜ್ಞರು ಒಪ್ಪದಿದ್ದರೆ ಇಡೀ ಮಜ್ಲಿಸ್ ಒಮ್ಮತದಿಂದ ಮಾಡಿದ ಕಾಯ್ದೆಯೂ ಹಿಂದಕ್ಕೆ ಬರುತ್ತದೆ.

ಮಂಡಳಿಯ ಇನ್ನೊಂದು ಅಧಿಕಾರ ಚುನಾವಣೆಗೆ ಸಂಬಂಧಿಸಿದ್ದು. 99ನೆಯ ವಿಧಿ ಅದಕ್ಕೆ ಚುನಾವಣೆಗಳ ಮೇಲ್ವಿಚಾರಣೆಯನ್ನು ಕೊಟ್ಟಿದೆ. ಈ ಮೇಲ್ವಿಚಾರಣೆಯೆಂದರೆ ಅಭ್ಯರ್ಥಿಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರವೂ ಹೌದೆಂದು 1991ರಲ್ಲಿ ಮಂಡಳಿಯೇ ವ್ಯಾಖ್ಯಾನಿಸಿತು. ಸಂವಿಧಾನವನ್ನು ವ್ಯಾಖ್ಯಾನಿಸುವ ಹಕ್ಕೂ ಅದರದೇ ಆದ್ದರಿಂದ ಅದನ್ನು ಪ್ರಶ್ನಿಸಲು ಬೇರೆ ವೇದಿಕೆ ಇರಲಿಲ್ಲ. 2004ರ ಮಜ್ಲಿಸ್ ಚುನಾವಣೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅನರ್ಹರಾದರು. ಆಗಿನ ಹಾಲಿ ಸದಸ್ಯರೂ ಅವರಲ್ಲಿದ್ದರು. 2013ರಲ್ಲಿ ಮಾಜಿ ಅಧ್ಯಕ್ಷ ರಫ್ಸಂಜಾನಿಯವರಿಗೇ ಸ್ಪರ್ಧೆಗೆ ಅವಕಾಶ ಸಿಗಲಿಲ್ಲ. 2021ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೆಸರು ನೋಂದಾಯಿಸಿದ 592 ಮಂದಿಯಲ್ಲಿ 7 ಮಂದಿಗೆ ಒಪ್ಪಿಗೆ ಸಿಕ್ಕಿತು.

ಈ ಶೋಧನೆಯ ಪರಿಣಾಮ ಮತಗಟ್ಟೆಯಲ್ಲಿ ಕಂಡಿತು. 2021ರಲ್ಲಿ ಮತ ಹಾಕಿದವರು ಶೇ. 50ಕ್ಕಿಂತ ಕಡಿಮೆ. ಆಗಿನ ಅಧ್ಯಕ್ಷ ರೈಸಿ 2024ರ ಮೇ 19ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದ ಮೇಲೆ ನಡೆದ ಚುನಾವಣೆಯ ಮೊದಲ ಸುತ್ತಿನಲ್ಲಿ ಸುಮಾರು ಶೇ. 40 ಮಂದಿ ಮಾತ್ರ ಮತ ಹಾಕಿದರು. ಎರಡನೆಯ ಸುತ್ತಿನಲ್ಲಿ ಸುಧಾರಣಾವಾದಿಗಳ ಬೆಂಬಲವಿದ್ದ ಪೆಜೆಷ್ಕಿಯಾನ್ ಕಟ್ಟಾ ಸಂಪ್ರದಾಯವಾದಿ ಸಯೀದ್ ಜಲೀಲಿಯವರನ್ನು ಸೋಲಿಸಿದರು. ಕಣಕ್ಕಿಳಿಯುವವರನ್ನು ಮೊದಲೇ ಸೋಸಿದರೂ ಫಲಿತಾಂಶವನ್ನು ಮೊದಲೇ ಹೇಳಲಾಗದೆಂಬುದಕ್ಕೆ 1997ರಂತೆ ಇದೂ ಒಂದು ಉದಾಹರಣೆ.

ಹಿತ ನಿರ್ಣಯ ಮಂಡಳಿ

ಮಜ್ಲಿಸ್ ಮತ್ತು ರಕ್ಷಕ ಮಂಡಳಿಯ ಜಗಳ ಗಣರಾಜ್ಯದ ಮೊದಲ ವರ್ಷಗಳಿಂದಲೇ ಇತ್ತು. ನಗರದ ಖಾಲಿ ಜಮೀನನ್ನು ಸರ್ಕಾರ ವಶಪಡಿಸಿಕೊಳ್ಳುವ ಮಸೂದೆಯನ್ನು, ಭೂಸುಧಾರಣೆಯನ್ನು, ಕಾರ್ಮಿಕ ಕಾಯ್ದೆಯನ್ನು ಮಂಡಳಿ ತಡೆಹಿಡಿಯಿತು. ಖಾಸಗಿ ಆಸ್ತಿಯನ್ನೂ ಇಬ್ಬರು ಒಪ್ಪಿ ಮಾಡಿಕೊಂಡ ಕರಾರನ್ನೂ ಷರೀಅತ್ ಮಾನ್ಯ ಮಾಡುತ್ತದೆ, ಸರ್ಕಾರ ಅದರಲ್ಲಿ ಕೈಹಾಕುವಂತಿಲ್ಲ ಎಂಬುದು ಅದರ ನಿಲುವು. ಬಡವರ ಹೆಸರಿನಲ್ಲಿ ನಡೆದ ಕ್ರಾಂತಿಯ ಕಾಯ್ದೆಗಳಿಗೆ ಶಾಸ್ತ್ರವೇ ಅಡ್ಡ ಬಂದಂತಾಯಿತು.

1988ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಖಮೇನಿ ಜುಮ್ಮಾ ಪ್ರವಚನದಲ್ಲಿ, ಸರ್ಕಾರದ ಅಧಿಕಾರ ಷರೀಅತ್ತಿನ ಚೌಕಟ್ಟಿನೊಳಗಿದೆ ಎಂಬರ್ಥದ ಮಾತಾಡಿದರು. ಖೊಮೇನಿ ಬಹಿರಂಗ ಪತ್ರ ಬರೆದು ಅದನ್ನು ತಿದ್ದಿದರು. ಇಸ್ಲಾಮಿ ಸರ್ಕಾರ ಧರ್ಮದ ಮೂಲಭೂತ ಆದೇಶಗಳಲ್ಲಿ ಒಂದು. ನಮಾಜು, ಉಪವಾಸ, ಹಜ್ ಯಾತ್ರೆಗಳಿಗಿಂತಲೂ ಅದಕ್ಕೆ ಆದ್ಯತೆ. ದೇಶದ ಹಿತಕ್ಕೆ ಬೇಕಾದರೆ ಅದು ಹಜ್ ಯಾತ್ರೆಯನ್ನೂ ತಾತ್ಕಾಲಿಕವಾಗಿ ತಡೆಯಬಹುದು ಎಂಬುದು ಪತ್ರದ ಸಾರ. ಮುಂದಿನ ತಿಂಗಳಲ್ಲೇ ವಿವಾದಗಳನ್ನು ದೇಶಹಿತದ ದೃಷ್ಟಿಯಿಂದ ಬಗೆಹರಿಸಲು ಹಿತ ನಿರ್ಣಯ ಮಂಡಳಿಯನ್ನು ಅವರು ಸ್ಥಾಪಿಸಿದರು. 1989ರ ತಿದ್ದುಪಡಿ ಅದನ್ನು 112ನೆಯ ವಿಧಿಯಲ್ಲಿ ಸೇರಿಸಿತು. ಇದರ ಸದಸ್ಯರನ್ನು ನೇಮಿಸುವವನು ನಾಯಕ. ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ ಕಾರ್ಮಿಕ ಕಾಯ್ದೆಗೆ 1990ರಲ್ಲಿ ಕೊನೆಯ ಒಪ್ಪಿಗೆ ಕೊಟ್ಟದ್ದು ಈ ಮಂಡಳಿ.

ಇಲ್ಲಿಯ ತರ್ಕ ಗಮನಾರ್ಹ. ಷರೀಅತ್ತಿಗೆ ವಿರುದ್ಧವೆಂದು ಶಾಸ್ತ್ರಜ್ಞರೇ ಹೇಳಿದ ಮಸೂದೆಯೂ ರಾಜ್ಯಕ್ಕೆ ಹಿತವೆಂದು ಈ ಮಂಡಳಿ ನಿರ್ಧರಿಸಿದರೆ ಕಾನೂನಾಗಬಲ್ಲದು. ಧರ್ಮಶಾಸ್ತ್ರದ ಹೆಸರಿನಲ್ಲಿ ಸ್ಥಾಪಿತವಾದ ರಾಜ್ಯ, ಶಾಸ್ತ್ರವನ್ನು ಮೀರುವ ಅಧಿಕಾರವನ್ನೂ ಧರ್ಮದ ಹೆಸರಿನಲ್ಲೇ ಪಡೆದುಕೊಂಡಿತು. ಯಜ್ದ್ ನಗರ ಪರಿಷತ್ತಿಗೆ ಆಯ್ಕೆಯಾಗಿದ್ದ ಜರತುಷ್ಟ್ರ ಧರ್ಮದ ಸೆಪಂತಾ ನಿಕ್ನಾಮ್ ಅವರ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಮುಸ್ಲಿಮರು ಹೆಚ್ಚಾಗಿರುವ ಊರಿನಲ್ಲಿ ಮುಸ್ಲಿಮೇತರರು ಪರಿಷತ್ತಿಗೆ ಸ್ಪರ್ಧಿಸುವಂತಿಲ್ಲವೆಂಬ ರಕ್ಷಕ ಮಂಡಳಿಯ ಅಭಿಪ್ರಾಯದ ಮೇಲೆ 2017ರಲ್ಲಿ ಅವರ ಸದಸ್ಯತ್ವವನ್ನು ತಡೆಹಿಡಿಯಲಾಯಿತು. ಮಜ್ಲಿಸ್ ಅವರ ಪರವಾಗಿ ನಿಂತಿತು. ಕೊನೆಗೆ 2018ರಲ್ಲಿ ಹಿತ ನಿರ್ಣಯ ಮಂಡಳಿ ಮಜ್ಲಿಸಿನ ಪಕ್ಷ ವಹಿಸಿದ್ದರಿಂದ ಅವರು ಪರಿಷತ್ತಿಗೆ ಮರಳಿದರು.

ನ್ಯಾಯಾಂಗ

ನ್ಯಾಯಾಂಗದ ಮುಖ್ಯಸ್ಥ ಮುಜ್ತಹಿದನಾಗಿರಬೇಕು. ಆತನನ್ನು ನಾಯಕ ಐದು ವರ್ಷಗಳಿಗೆ ನೇಮಿಸುತ್ತಾನೆ. ಕ್ರಾಂತಿಯ ಮುಂಚಿನ ಸಿವಿಲ್ ಸಂಹಿತೆ ತಿದ್ದುಪಡಿಗಳೊಂದಿಗೆ ಮುಂದುವರಿದಿದೆ. ಅದರ ಕುಟುಂಬ ಕಾನೂನಿನ ಭಾಗ ಮೊದಲಿಂದಲೂ ಶಿಯಾ ಶಾಸ್ತ್ರವನ್ನು ಅನುಸರಿಸಿತ್ತು. ದಂಡಸಂಹಿತೆಯನ್ನು 1980ರ ದಶಕದಲ್ಲಿ ಹೊಸದಾಗಿ ರಚಿಸಿ, ಶಾಸ್ತ್ರದಲ್ಲೇ ಗೊತ್ತಾದ ಶಿಕ್ಷೆಗಳು, ಸಮಾನ ಪ್ರತೀಕಾರ, ಪರಿಹಾರಧನ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಶಿಕ್ಷೆಗಳು ಎಂದು ವಿಂಗಡಿಸಲಾಯಿತು. ನ್ಯಾಯಾಧೀಶ ಮೊದಲು ಲಿಖಿತ ಕಾನೂನನ್ನು ನೋಡಬೇಕು. ಅದು ಮೌನವಾಗಿರುವಲ್ಲಿ ಅಧಿಕೃತ ಶಾಸ್ತ್ರಗ್ರಂಥಗಳ ಮತ್ತು ಫತ್ವಾಗಳ ಆಧಾರದಿಂದ ತೀರ್ಪು ಕೊಡಬೇಕೆಂದು 167ನೆಯ ವಿಧಿ ಹೇಳುತ್ತದೆ. ಇದರಿಂದ ಆದ ಬದಲಾವಣೆ ಸಣ್ಣದಲ್ಲ. ಶಾಸ್ತ್ರಜ್ಞರ ನಡುವೆ ಭಿನ್ನಾಭಿಪ್ರಾಯಕ್ಕೆ ಎಡೆಯಿದ್ದ ಷರೀಅತ್ತು ಇಲ್ಲಿ ಸಂಸತ್ತು ಅಂಗೀಕರಿಸಿ ಅಚ್ಚು ಹಾಕಿದ, ಎಲ್ಲರಿಗೂ ಒಂದೇ ಆದ ಸಂಹಿತೆಯಾಯಿತು.

ಸಾಮಾನ್ಯ ನ್ಯಾಯಾಲಯಗಳ ಹೊರತಾಗಿ, ರಾಷ್ಟ್ರೀಯ ಭದ್ರತೆ ಮತ್ತು ಮಾದಕವಸ್ತುಗಳ ಪ್ರಕರಣಗಳಿಗೆ ಕ್ರಾಂತಿ ನ್ಯಾಯಾಲಯಗಳಿವೆ. ರಾಜಕೀಯ ಕೈದಿಗಳ ವಿಚಾರಣೆ ಸಾಮಾನ್ಯವಾಗಿ ನಡೆಯುವುದು ಇಲ್ಲೇ. ಧರ್ಮಗುರುಗಳ ಮೇಲಿನ ಆರೋಪಗಳಿಗೆಂದೇ ಬೇರೆ ನ್ಯಾಯಾಲಯವಿದೆ. 1987ರಲ್ಲಿ ರೂಪುಗೊಂಡ ಇದು ನೇರವಾಗಿ ನಾಯಕನ ಅಧೀನ. ಧರ್ಮಪಂಡಿತ ಮೊಹ್ಸೆನ್ ಕದೀವರ್, ಮಾಜಿ ಗೃಹಮಂತ್ರಿ ಅಬ್ದುಲ್ಲಾ ನೂರಿ ಇಬ್ಬರಿಗೂ 1999ರಲ್ಲಿ ಜೈಲುಶಿಕ್ಷೆ ವಿಧಿಸಿದ್ದು ಈ ನ್ಯಾಯಾಲಯ.

ಪಡೆಗಳು, ಪ್ರತಿಷ್ಠಾನಗಳು, ಜುಮ್ಮಾ ಇಮಾಮರು

ಹಳೆಯ ಸೈನ್ಯದ ನಿಷ್ಠೆಯ ಬಗ್ಗೆ ಅನುಮಾನವಿದ್ದುದರಿಂದ ಖೊಮೇನಿ 1979ರ ಮೇ ತಿಂಗಳಲ್ಲಿ ಕ್ರಾಂತಿಕಾರಿ ರಕ್ಷಣಾ ಪಡೆಯನ್ನು ಕಟ್ಟಿಸಿದರು. ಕ್ರಾಂತಿಯನ್ನೂ ಅದರ ಫಲಗಳನ್ನೂ ಕಾಯುವುದು 150ನೆಯ ವಿಧಿ ಈ ಪಡೆಗೆ ವಹಿಸಿದ ಹೊಣೆ. 1980ರಿಂದ 1988ರ ತನಕ ನಡೆದ ಇರಾಕ್ ಯುದ್ಧದಲ್ಲಿ ಅದು ಪೂರ್ಣ ಪ್ರಮಾಣದ ಸೈನ್ಯವಾಗಿ ಬೆಳೆಯಿತು. ಯುದ್ಧದ ನಂತರ ರಸ್ತೆ, ಅಣೆಕಟ್ಟು, ತೈಲ ಕಾಮಗಾರಿಗಳ ದೊಡ್ಡ ಗುತ್ತಿಗೆದಾರನೂ ಆಯಿತು. ಸ್ವಯಂಸೇವಕರ ಬಸೀಜ್ ದಳ ಅದರ ಅಂಗ.

ಸರ್ಕಾರಿ ಬಜೆಟ್ಟಿನ ಹೊರಗೆ ಪ್ರತಿಷ್ಠಾನಗಳ ಇನ್ನೊಂದು ಲೋಕವಿದೆ. ಶಾಹನ ಕುಟುಂಬದ ಆಸ್ತಿಯನ್ನು ವಹಿಸಿಕೊಂಡ ಮುಸ್ತಜಫಾನ್ ಪ್ರತಿಷ್ಠಾನ, ಮಶ್ಹದಿನ ಇಮಾಮ್ ರಜಾ ದರ್ಗಾದ ವಿಶಾಲ ವಕ್ಫ್ ಆಸ್ತಿ ನೋಡಿಕೊಳ್ಳುವ ಆಸ್ತಾನೆ ಖುದ್ಸ್ ರಜವಿ ಅವುಗಳಲ್ಲಿ ದೊಡ್ಡವು. ಇವುಗಳ ಮುಖ್ಯಸ್ಥರು ನಾಯಕನಿಂದ ನೇಮಕವಾಗುತ್ತಾರೆ, ಲೆಕ್ಕ ಒಪ್ಪಿಸುವುದೂ ಆತನಿಗೇ. ಕಾರ್ಖಾನೆ, ಜಮೀನು, ಹೋಟೆಲುಗಳನ್ನು ನಡೆಸುವುದರ ಜತೆಗೆ ಬಡವರ ನೆರವೂ ಇವುಗಳ ಕೆಲಸ. ನಗರಗಳ ಜುಮ್ಮಾ ನಮಾಜಿನ ಇಮಾಮರೂ, ಪ್ರಾಂತ್ಯಗಳಲ್ಲಿ, ವಿಶ್ವವಿದ್ಯಾನಿಲಯಗಳಲ್ಲಿ, ಸೇನಾ ಘಟಕಗಳಲ್ಲಿ ಕೂತ ಪ್ರತಿನಿಧಿಗಳೂ ನಾಯಕನ ಕಚೇರಿಯ ಜಾಲಕ್ಕೆ ಸೇರಿದವರು. ಅಧ್ಯಕ್ಷನ ಆಡಳಿತಕ್ಕೆ ಸಮಾಂತರವಾಗಿ ಹಳ್ಳಿಯ ಮಟ್ಟದ ತನಕ ಹಬ್ಬಿರುವ ಈ ಜಾಲವೇ ಧರ್ಮಾಧಿಕಾರದ ನಿಜವಾದ ಕೈಕಾಲು.

ಪ್ರಭುತ್ವ ಮತ್ತು ಕುಮ್ ನಗರದ ವಿದ್ವಾಂಸರು

ಟೆಹ್ರಾನಿನ ದಕ್ಷಿಣಕ್ಕಿರುವ ಕುಮ್ ಇರಾನಿನ ಶಿಯಾ ವಿದ್ಯೆಯ ಕೇಂದ್ರ. ಅಬ್ದುಲ್ ಕರೀಮ್ ಹಾಯಿರಿ 1922ರಲ್ಲಿ ಅಲ್ಲಿಯ ಮದರಸಾಗಳಿಗೆ ಹೊಸ ಜೀವ ಕೊಟ್ಟರು. ಗಣರಾಜ್ಯ ಸ್ಥಾಪನೆಯಾದ ಮೇಲೆ ಈ ನಗರಕ್ಕೆ ಹಣ, ಕಟ್ಟಡ, ವಿದೇಶಿ ವಿದ್ಯಾರ್ಥಿಗಳು ಎಲ್ಲವೂ ಹರಿದು ಬಂದವು. ಅದಕ್ಕೆ ತೆತ್ತ ಬೆಲೆ ಸ್ವಾಯತ್ತತೆ. ಖೊಮೇನಿಗೆ ಶ್ರೇಣಿಯಲ್ಲಿ ಸಮನಾಗಿದ್ದ ಕಾಜಿಮ್ ಶರೀಅತ್‌ಮದಾರಿ ವಿಲಾಯತೆ ಫಕೀಹ್ ತತ್ತ್ವವನ್ನು ವಿರೋಧಿಸಿದ್ದರು. 1982ರಲ್ಲಿ ಸಂಚಿನ ಆರೋಪದ ಮೇಲೆ ಅವರ ಮರ್ಜಾ ಪದವಿಯನ್ನೇ ಕುಮ್‌ನ ಅಧ್ಯಾಪಕರ ಸಂಘ ಕಿತ್ತುಹಾಕಿತು. ಅನುಯಾಯಿಗಳು ಕೊಟ್ಟ ಮನ್ನಣೆಯನ್ನು ಘೋಷಣೆಯಿಂದ ಹಿಂತೆಗೆದುಕೊಳ್ಳುವುದು ಶಿಯಾ ಸಂಪ್ರದಾಯದಲ್ಲಿ ಕಂಡರಿಯದ ಸಂಗತಿ. ನಾಯಕನ ಅರ್ಹತೆಯನ್ನು ಪ್ರಶ್ನಿಸಿದ ಮೊಂತಜರಿ 1997ರಿಂದ 2003ರ ತನಕ ಗೃಹಬಂಧನದಲ್ಲಿದ್ದರು. ಸಂವಿಧಾನದಲ್ಲಿ ಶಾಸ್ತ್ರಜ್ಞನ ಆಳ್ವಿಕೆಯನ್ನು ಬರೆಯಿಸಿದ ಸಭೆಯ ಅಧ್ಯಕ್ಷರೂ ಅವರೇ ಆಗಿದ್ದರು.

ಇರಾನಿನ ಶಿಯಾಗಳಲ್ಲೇ ಅನೇಕರು ತಮ್ಮ ಧಾರ್ಮಿಕ ಆಚರಣೆಗೆ ನಜಫಿನ ಅಲಿ ಸಿಸ್ತಾನಿಯವರನ್ನು ಮರ್ಜಾ ಎಂದು ಅನುಸರಿಸುತ್ತಾರೆ. ಮೂಲತಃ ಮಶ್ಹದಿನವರಾದ ಸಿಸ್ತಾನಿ, ಖೋಯಿಯವರ ಶಿಷ್ಯರು. ಧರ್ಮಗುರುಗಳು ನೇರವಾಗಿ ಅಧಿಕಾರದಲ್ಲಿ ಕೂರದೆ ಹೊರಗಿನಿಂದ ಸಲಹೆ ಕೊಡಬೇಕೆಂಬ ನಿಲುವಿನವರು. ಹೀಗೆ ಇರಾನಿನಲ್ಲಿ ರಾಜ್ಯದ ನಾಯಕನೇ ಎಲ್ಲರ ಧಾರ್ಮಿಕ ಗುರುವಲ್ಲ. ಕಾನೂನಿಗೆ ಒಬ್ಬನ ಮಾತು, ಉಪವಾಸದ ನಿಯಮಕ್ಕೆ ಇನ್ನೊಬ್ಬರ ಮಾತು ಎಂಬ ಹಂಚಿಕೆ ಸಹಜವಾಗಿ ನಡೆದಿದೆ.

ಅಲ್ಪಸಂಖ್ಯಾತರು ಮತ್ತು ಮಹಿಳೆಯರು

ಹನ್ನೆರಡು ಇಮಾಮರ ಶಿಯಾ ಪಂಥ ರಾಜ್ಯದ ಧರ್ಮ. ಸುನ್ನಿ ಶಾಸ್ತ್ರಪಂಥಗಳಿಗೂ ಜೈದಿ ಪಂಥಕ್ಕೂ ಗೌರವವಿದೆಯೆಂದು 12ನೆಯ ವಿಧಿ ಹೇಳುತ್ತದೆ. ಅಧ್ಯಕ್ಷನಾಗುವವನು ರಾಜ್ಯಧರ್ಮದವನೇ ಆಗಿರಬೇಕಾದ್ದರಿಂದ ಸುನ್ನಿಗಳಿಗೆ ಆ ಸ್ಥಾನ ಮುಚ್ಚಿದೆ. ಜರತುಷ್ಟ್ರರು, ಯಹೂದಿಗಳು, ಕ್ರೈಸ್ತರು ಮಾನ್ಯತೆ ಪಡೆದ ಅಲ್ಪಸಂಖ್ಯಾತರು. ಮಜ್ಲಿಸಿನಲ್ಲಿ ಅವರಿಗೆ ಐದು ಸ್ಥಾನಗಳಿವೆ: ಆರ್ಮೇನಿಯನ್ನರಿಗೆ ಎರಡು, ಜರತುಷ್ಟ್ರರಿಗೆ, ಯಹೂದಿಗಳಿಗೆ, ಅಸ್ಸೀರಿಯನ್ ಮತ್ತು ಕಲ್ದಿಯನ್ ಕ್ರೈಸ್ತರಿಗೆ ಒಂದೊಂದು. ಮದುವೆ, ಉತ್ತರಾಧಿಕಾರಗಳಲ್ಲಿ ಅವರ ಧರ್ಮದ ನಿಯಮವೇ ನಡೆಯುತ್ತದೆ. ಇರಾನಿನಲ್ಲೇ ಹುಟ್ಟಿದ ಬಹಾಯಿ ಧರ್ಮಕ್ಕೆ ಮಾನ್ಯತೆಯಿಲ್ಲ; ಅದರ ಅನುಯಾಯಿಗಳು ವಿಶ್ವವಿದ್ಯಾನಿಲಯದ ಪ್ರವೇಶದಿಂದಲೂ ಸರ್ಕಾರಿ ನೌಕರಿಯಿಂದಲೂ ಹೊರಗುಳಿದಿದ್ದಾರೆ.

ಮಹಿಳೆಯರಿಗೆ ಮತದಾನದ ಹಕ್ಕಿದೆ, ಮಜ್ಲಿಸಿಗೆ ಆಯ್ಕೆಯಾಗುತ್ತಾರೆ. ಅಧ್ಯಕ್ಷ ಸ್ಥಾನಕ್ಕೆ ಮಾತ್ರ ಯಾವ ಮಹಿಳೆಯ ಹೆಸರಿಗೂ ರಕ್ಷಕ ಮಂಡಳಿ ಒಪ್ಪಿಗೆ ಕೊಟ್ಟಿಲ್ಲ. ಕ್ರಾಂತಿಯ ನಂತರ ನ್ಯಾಯಾಧೀಶ ಸ್ಥಾನದಿಂದ ತೆಗೆಯಲಾದ ಶಿರಿನ್ ಎಬಾದಿ ವಕೀಲರಾಗಿ ಮಾನವ ಹಕ್ಕುಗಳಿಗಾಗಿ ದುಡಿದು 2003ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಹಿಜಾಬ್ ನಿಯಮದ ಉಲ್ಲಂಘನೆಗೆಂದು ಬಂಧಿತರಾದ ಮಹ್ಸಾ ಅಮೀನಿ 2022ರ ಸೆಪ್ಟೆಂಬರ್ 16ರಂದು ಸತ್ತ ಮೇಲೆ ದೇಶದಾದ್ಯಂತ ತಿಂಗಳುಗಟ್ಟಲೆ ಪ್ರತಿಭಟನೆ ನಡೆಯಿತು. ಉತ್ತರವಾಗಿ ಮಜ್ಲಿಸ್ ಇನ್ನೂ ಕಠಿಣವಾದ ಹಿಜಾಬ್ ಮಸೂದೆಯನ್ನು ತಂದಿತು. ರಕ್ಷಕ ಮಂಡಳಿಯೂ ಒಪ್ಪಿತು. ಆದರೆ 2024ರ ಡಿಸೆಂಬರ್‌ನಲ್ಲಿ ಅದು ಜಾರಿಯಾಗುವ ಮುನ್ನ ರಾಷ್ಟ್ರೀಯ ಭದ್ರತೆಯ ಸರ್ವೋಚ್ಚ ಮಂಡಳಿ ಅದನ್ನು ತಡೆಯಿತು. ಶಾಸ್ತ್ರಸಮ್ಮತವೆಂದು ಪ್ರಮಾಣಿತವಾದ ಕಾಯ್ದೆ ರಾಜ್ಯದ ಭದ್ರತೆಯ ಲೆಕ್ಕಾಚಾರದ ಮುಂದೆ ನಿಂತುಹೋಯಿತು.

ಇತರ ಇಸ್ಲಾಮಿಕ್ ಗಣರಾಜ್ಯಗಳು

ಇಸ್ಲಾಮಿಕ್ ಗಣರಾಜ್ಯ ಎಂಬ ಹೆಸರನ್ನು ಸಂವಿಧಾನದಲ್ಲಿ ಮೊದಲು ಬಳಸಿದ್ದು 1956ರಲ್ಲಿ ಪಾಕಿಸ್ತಾನ. ಅಲ್ಲಿಯ 1973ರ ಸಂವಿಧಾನದಂತೆ ಅಧ್ಯಕ್ಷ ಮತ್ತು ಪ್ರಧಾನಮಂತ್ರಿ ಮುಸ್ಲಿಮರಾಗಿರಬೇಕು. ಕಾನೂನುಗಳು ಇಸ್ಲಾಮಿಗೆ ವಿರುದ್ಧವಾಗಿರಬಾರದು. ಆದರೆ ಇಸ್ಲಾಮಿ ಚಿಂತನ ಮಂಡಳಿಯ ಕೆಲಸ ಸಲಹೆಗೆ ಸೀಮಿತ. ಜಿಯಾ ಉಲ್ ಹಕ್ 1980ರಲ್ಲಿ ಸ್ಥಾಪಿಸಿದ ಫೆಡರಲ್ ಷರಿಯತ್ ನ್ಯಾಯಾಲಯ ಕಾನೂನುಗಳನ್ನು ಇಸ್ಲಾಮಿಗೆ ವಿರುದ್ಧವೆಂದು ರದ್ದುಪಡಿಸಬಲ್ಲದಾದರೂ ಅದರ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯ ದಾರಿಯಿತ್ತು. ಬ್ಯಾಂಕ್ ಬಡ್ಡಿ ಇಸ್ಲಾಮಿಗೆ ವಿರುದ್ಧವೆಂದು ಆ ನ್ಯಾಯಾಲಯ 1991ರಲ್ಲಿ ಹೇಳಿತು. 2022ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ನಡುವಣ ಮೂವತ್ತೊಂದು ವರ್ಷ ಬಡ್ಡಿ ವ್ಯವಹಾರ ನಡೆದೇ ಇತ್ತು.

ಮೌರಿಟಾನಿಯದಲ್ಲಿ ಇಸ್ಲಾಂ ಜನರ ಮತ್ತು ರಾಜ್ಯದ ಧರ್ಮ, ಅಧ್ಯಕ್ಷ ಮುಸ್ಲಿಮನಾಗಿರಬೇಕು. ಅಲ್ಲಿಯ ಇಸ್ಲಾಮಿ ಮಂಡಳಿಯೂ ಸಲಹೆ ಕೊಡುವ ಸಂಸ್ಥೆಯೇ. 2004ರ ಸಂವಿಧಾನದಂತೆ ಇಸ್ಲಾಮಿಕ್ ಗಣರಾಜ್ಯವಾಗಿದ್ದ ಅಫ್ಘಾನಿಸ್ತಾನದಲ್ಲಿ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದು, ಚುನಾವಣೆಗಳನ್ನೇ ಕೈಬಿಟ್ಟು ಇಸ್ಲಾಮಿಕ್ ಎಮಿರೇಟ್ ಎಂಬ ಹೆಸರಿಟ್ಟುಕೊಂಡಿತು. ಈ ಮೂರೂ ಸುನ್ನಿ ಬಹುಸಂಖ್ಯಾತ ದೇಶಗಳು. ಶ್ರೇಣೀಕೃತ ಧರ್ಮಗುರುಗಳ ವರ್ಗ, ಖುಮ್ಸಿನ ಆದಾಯ, ಕಣ್ಮರೆಯಾದ ಇಮಾಮನ ಪ್ರತಿನಿಧಿತ್ವ ಎಂಬ ವಾದ ಅಲ್ಲಿಲ್ಲ. ಆದ್ದರಿಂದ ಇರಾನಿನ ಮಾದರಿ ಬೇರೆಡೆ ಹಾಗೇ ನೆಟ್ಟುಕೊಳ್ಳಲಿಲ್ಲ. ಶಿಯಾಗಳು ಬಹುಸಂಖ್ಯಾತರಾದ ಇರಾಕ್ ಕೂಡ 2005ರ ಸಂವಿಧಾನದಲ್ಲಿ ಅದನ್ನು ತೆಗೆದುಕೊಳ್ಳಲಿಲ್ಲ.

ಇರಾನಿನ ಸಂವಿಧಾನದ ಕೊನೆಯ ವಿಧಿ, 177ನೆಯದು, ತಿದ್ದುಪಡಿಯ ಕ್ರಮವನ್ನು ಹೇಳುತ್ತದೆ. ನಾಯಕ ಆದೇಶಿಸಬೇಕು, ಪರಿಶೀಲನಾ ಸಭೆ ಒಪ್ಪಬೇಕು, ಜನಮತಗಣನೆಯಲ್ಲಿ ಬಹುಮತ ಬರಬೇಕು. ಆದರೆ ಕೆಲವು ಅಂಶಗಳನ್ನು ಯಾವ ಬಹುಮತವೂ ಮುಟ್ಟುವಂತಿಲ್ಲವೆಂದು ಅದೇ ವಿಧಿ ಕಟ್ಟುಹಾಕಿದೆ. ವ್ಯವಸ್ಥೆಯ ಇಸ್ಲಾಮಿ ಸ್ವರೂಪ ಮತ್ತು ಶಾಸ್ತ್ರಜ್ಞನ ನಾಯಕತ್ವ ಆ ಪಟ್ಟಿಯಲ್ಲಿವೆ. ಗಣರಾಜ್ಯವೆಂಬ ಸ್ವರೂಪ ಮತ್ತು ಜನಾಭಿಪ್ರಾಯದಂತೆ ಆಡಳಿತ ನಡೆಯಬೇಕೆಂಬ ತತ್ತ್ವವೂ ಅದೇ ಪಟ್ಟಿಯಲ್ಲಿವೆ. ಈ ಎರಡರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಸಂವಿಧಾನ ಹೇಳಿಲ್ಲ. ಪ್ರತಿಯೊಂದು ವಿವಾದದಲ್ಲೂ ಅದನ್ನು ತೀರ್ಮಾನಿಸುತ್ತ ಬಂದಿರುವುದು ನಾಯಕ ಮತ್ತು ನಾಯಕ ನೇಮಿಸಿದ ಸಂಸ್ಥೆಗಳು.